ಹೆಸರು ಹೇಳಿದ ಪುತಳಾಬಾಯಿ

ಟಿವಿಯ ಕೆಲಸಕ್ಕೆ ನಾನು ಮೊದಲ ಸಲ ಹೋದದ್ದು ಚಡ್ಡಿ ಹಾಕಿಕೊಂಡು. ಬೀದರಿನ ಒಂದು ಕೇಬಲ್ ಚಾನೆಲ್ಲಿನವರು 'ಗೇಮ್ ಶೋ ನಡೆಸಲು ಚುರುಕಾದ ಹುಡುಗರು ಬೇಕು' ಎಂದು ಪರದೆಯ ಕೆಳಗೆ ಅಕ್ಷರ ಓಡಿಸುತ್ತಿದ್ದರು. ಗೇಮ್ ಎಂದರೆ ಆಟ, ಆಟ ಎಂದರೆ ವಾಲಿಬಾಲ್. ನನ್ನ ತಲೆಗೆ ಅದಕ್ಕಿಂತ ಹೆಚ್ಚು ಹೊಳೆಯಲಿಲ್ಲ. ನೌಬಾದಿನ ನಮ್ಮ ಓಣಿಯ ತಂಡದಲ್ಲಿ ನಾನು ಎತ್ತರದವನು, ನೆಟ್ಟಿನ ಹತ್ತಿರ ನಿಲ್ಲುವವನು. ತಾಲ್ಲೂಕು ಮಟ್ಟದ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು, ಕ್ಯಾನ್ವಾಸ್ ಬೂಟಿಗೆ ಬಿಳಿ ಬಳಿದು, ಸೀಟಿಯನ್ನೂ ಕೊರಳಿಗೆ ಹಾಕಿಕೊಂಡು ಹಾಜರಾದೆ. ಚಾನೆಲ್ಲಿನ ಮಾಲೀಕ ಸಲಾವೋದ್ದೀನ ಸೇಠರು ನನ್ನ ಮೊಣಕಾಲುಗಳನ್ನು ಬಹಳ ಹೊತ್ತು ನೋಡಿದರು.

"ಬೇಟಾ, ಎಲ್ಲಿಗಿ ಓಡ್ಲಿಕ್ಕಿ ಹೊಂಟೀದಿ?"

"ಗೇಮ್ ಶೋಕ್ಕ ಬಂದೀನ್ರಿ."

"ಇಲ್ಲಿ ಹೆಣ್ಮಕ್ಕಳು ಕುರ್ಚಿ ಮ್ಯಾಲ ಕೂತು ಗಂಡನ ಹೆಸರ ಹೇಳ್ತಾರ. ನೀ ಏನ ಅವರ ತಲಿ ಮ್ಯಾಲಿಂದ ಬಾಲ್ ಹೊಡೀತೀಯೇನು?"

ಒಳಗಿದ್ದವರೆಲ್ಲ ಬಂದು ನನ್ನನ್ನು ನೋಡಿ ಹೋದರು. ಕೈ ಉದ್ದ ಇದೆ ಎಂಬ ಒಂದೇ ಕಾರಣಕ್ಕೆ ಕೆಲಸ ಸಿಕ್ಕಿತು. ಕ್ಯಾಮೆರಾದ ಪಕ್ಕದಲ್ಲಿ ದೀಪ ಎತ್ತಿ ಹಿಡಿಯುವ ಕೆಲಸ. ವಾಲಿಬಾಲ್ ನನಗೆ ಅನ್ನ ಹಾಕಿತು ಎಂದು ಮನೆಯಲ್ಲಿ ಈಗಲೂ ಹೇಳುತ್ತೇನೆ.

ಕಾರ್ಯಕ್ರಮದ ಹೆಸರು 'ಹೆಸರ ಹೇಳ್ರಿ ಬಾಯಿ'. ನಮ್ಮ ಕಡೆಯ ಹೆಂಗಸರು ಗಂಡನ ಹೆಸರನ್ನು ಸುಮ್ಮನೆ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಲೇಬೇಕಾದರೆ ಪ್ರಾಸ ಕಟ್ಟಿದ ಎರಡು ಸಾಲಿನೊಳಗೆ ಸೇರಿಸಿ ಹೇಳುತ್ತಾರೆ. ಅದಕ್ಕೆ ಒಡಪು ಎನ್ನುತ್ತಾರೆ. ಹೊಸ ಸೊಸೆ ಮನೆ ಹೊಗುವಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳಿದ ಮೇಲೆಯೇ ಒಳಗೆ ಬಿಡುತ್ತಾರೆ. ಇದನ್ನೇ ಎತ್ತಿಕೊಂಡು, ಮೂರು ಸುತ್ತು ಮಾಡಿ, ಸರಿಯಾಗಿ ಹೇಳಿದವರಿಗೆ ಗಂಟೆ ಬಾರಿಸಿ, ತಡವರಿಸಿದವರಿಗೆ ಕೊಡ ಬಿದ್ದು ಒಡೆದ ಸದ್ದು ಹಾಕಿ ಟಿವಿಯ ಆಟ ಮಾಡಿದವನು ನಿರೂಪಕ ದತ್ತಾತ್ರಿ. ಮೊದಲು ಮದುವೆಯ ಆರ್ಕೆಸ್ಟ್ರಾದಲ್ಲಿ ಮೈಕ್ ಹಿಡಿಯುತ್ತಿದ್ದವನು. ಅವನು ನನಗೆ ಕಲಿಸಿದ ವಿದ್ಯೆ ಒಂದೇ.

"ಗೋರಖ, ಗೆದ್ದಾಕಿ ಮುಖ ಯಾರೂ ನೋಡಲ್ಲ. ಸಿಕ್ಕಿಬಿದ್ದಾಕಿ ಮುಖದ ಮ್ಯಾಲ ಲೈಟ್ ಹಿಡಿ. ಅಲ್ಲಾಡಸಬ್ಯಾಡ."

ಕಾರ್ಯಕ್ರಮ ಬದುಕಿದ್ದು ಐದೇ ವಾರ. ನೀವು ನೋಡಿರಲಿಕ್ಕಿಲ್ಲ, ನೋಡಿದ್ದರೂ ನಡುವೆ ಕರೆಂಟು ಹೋಗಿರುತ್ತದೆ. ಐದನೆಯ ವಾರದಲ್ಲಿ ಆಡಿದವಳು ಭಾಲ್ಕಿಯ ಪುತಳಾಬಾಯಿ. ಈ ಬರಹ ಅವಳದು. ಅವಳ ಕಥೆಯ ಮುಕ್ಕಾಲು ಭಾಗ ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ನೀವು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು.

ಪುತಳಾಬಾಯಿ ಹುಟ್ಟಿದ್ದು ಸಾಯಗಾಂವದಲ್ಲಿ, ಕುರಿ ಸಾಕುವ ಮನೆಯಲ್ಲಿ. ಔರಾದ ಕಚೇರಿಯಲ್ಲಿ ಚಪರಾಸಿಯಾಗಿದ್ದ ಧೊಂಡಿಬಾ ಮೇತ್ರೆಗೆ ಅವಳನ್ನು ಕೊಟ್ಟರು. ಕುಲದಲ್ಲಿ ಸರ್ಕಾರದ ಬಿಲ್ಲೆ ಕಟ್ಟಿಕೊಂಡವನು ಅವನೊಬ್ಬನೇ. ಹೊತ್ತು ಹೊತ್ತಿಗೆ ಕಚೇರಿಯ ಗಂಟೆ ಬಡಿಯುವುದು ಅವನ ಕೆಲಸ; ಅದಕ್ಕೆ ಔರಾದದಲ್ಲಿ ಅವನನ್ನು ಗಂಟಿ ಧೊಂಡಿಬಾ ಎಂದೇ ಕರೆಯುತ್ತಿದ್ದರು. ಗಂಟೆಯ ಸದ್ದು ಕೇಳಿ ಅವಳು ಒಲೆಯ ಮೇಲೆ ಹಂಚು ಇಡುತ್ತಿದ್ದಳಂತೆ. ಅಷ್ಟು ಸಂಸಾರ ನಡೆದದ್ದು ಒಂದು ವರ್ಷ ಮಾತ್ರ.

ಆಮೇಲೆ ಹೈದರಾಬಾದ್ ರಾಜ್ಯ ಒಡೆಯಿತು. ಬೀದರ ಮೈಸೂರಿಗೆ ಸೇರಿತು. ಆದರೆ ಜಿಲ್ಲೆ ಇಡಿಯಾಗಿ ಸೇರಲಿಲ್ಲ. ಭಾಲ್ಕಿ, ಔರಾದ ಇತ್ತ ಉಳಿದವು, ಉದಗೀರ ಮುಂಬಯಿಯ ಕಡೆ ಹೋಯಿತು. ಕಚೇರಿಗಳಲ್ಲಿ ಯಾರು ಅತ್ತ, ಯಾರು ಇತ್ತ ಎಂಬ ಗದ್ದಲ. ಮನೆಯಲ್ಲಿ ಮರಾಠಿ ಆಡುತ್ತಿದ್ದ ಧೊಂಡಿಬಾ ಹೆಂಡತಿಗೆ ಹೇಳಿದನಂತೆ, "ಮೈಸೂರ ಕಡಿ ಸಾಹೇಬ ಬಂದ್ರ ಅಂವ ಬೈದದ್ದೂ ನನಗ ತಿಳಿಯಂಗಿಲ್ಲ. ಉದಗೀರಕ್ಕ ಹೋಗ್ತೇನಿ. ಮನಿ ಸಿಕ್ಕ ಮ್ಯಾಲ ಬಂದು ಕರಕೊಂಡ ಹೋಗ್ತೇನಿ."

ಮನೆ ಸಿಕ್ಕಿತು. ಮನೆಯ ಜೊತೆಗೆ ಮನೆಯೊಡೆಯನ ಮಗಳೂ ಸಿಕ್ಕಳು.

ಪುತಳಾಬಾಯಿ ಕಾದು ಕಾದು, ಕೊನೆಗೆ ತಾನೇ ಬಸ್ಸು ಹತ್ತಿ ಉದಗೀರಕ್ಕೆ ಹೋದಳು. ಧೊಂಡಿಬಾ ಜಗುಲಿಯ ಮೇಲೆ ಒಂದು ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಹೊಸಬಳು ಚಹಾ ಕೊಟ್ಟಳು. ಕುಡಿದ ಮೇಲೆ ಅವನು ಇವಳನ್ನು ಬಸ್ ಸ್ಟ್ಯಾಂಡಿಗೆ ತಂದು, ಟಿಕೆಟ್ ತೆಗೆಸಿ, ಕಿಟಕಿಯ ಪಕ್ಕದ ಸೀಟಿನಲ್ಲಿ ಕೂರಿಸಿದ. "ಗಾಳಿ ಚೊಲೋ ಬರ್ತದ" ಎಂದ. ನಲವತ್ತು ವರ್ಷದ ದಾಂಪತ್ಯದಲ್ಲಿ ಗಂಡ ಅವಳಿಗಾಗಿ ಮಾಡಿದ ಉಪಕಾರ ಆ ಕಿಟಕಿ.

ತವರಿಗೆ ಹೋಗದೆ ಅವಳು ಭಾಲ್ಕಿಯಲ್ಲಿ ಇಳಿದುಬಿಟ್ಟಳು. ಅಲ್ಲಿ ಕಸ್ತೂರಿಬಾಯಿ ಎಂಬವರ ಮನೆಯ ಹಿಂದಿನ ಒಂದು ಕೋಣೆಯಲ್ಲಿ ಬಾಡಿಗೆಗೆ ನಿಂತಳು. ಕೇಳಿದವರಿಗೆ, "ನಮ್ಮವರು ಉದಗೀರದಾಗ ನೌಕರಿ ಮಾಡ್ತಾರ" ಎಂದಳು. ಅದು ಸುಳ್ಳಲ್ಲ. ಓಣಿಯ ಮದುವೆಗಳಲ್ಲಿ ಒನಕೆಗೆ ಅರಿಶಿಣದ ಕೊಂಬು ಕಟ್ಟಿ ಮುತ್ತೈದೆಯರು ಕುಟ್ಟುವ ಶಾಸ್ತ್ರವಿದೆ. ಮದುಮಗಳಿಗೆ ಮೊದಲ ಅರಿಶಿಣ ಹಚ್ಚುವುದೂ ಮುತ್ತೈದೆಯ ಕೈಯೇ ಆಗಬೇಕು. ಗಂಡ ಜೊತೆಯಲ್ಲಿರಬೇಕೆಂದು ಶಾಸ್ತ್ರ ಕೇಳುವುದಿಲ್ಲ. ಎಲ್ಲಿಯಾದರೂ ಉಸಿರಾಡುತ್ತಿದ್ದರೆ ಸಾಕು. ಪುತಳಾಬಾಯಿಯ ಕೈ ಹಗುರ, ದನಿ ದೊಡ್ಡದು, ಒಡಪು ಕಟ್ಟುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಒಂದು ಮನೆಯಲ್ಲಿ ಕರೆದರು, ಹತ್ತು ಮನೆಯಲ್ಲಿ ಕರೆದರು. ಶಾವಿಗೆ ಹೊಸೆಯಲು, ಮಡಿಲು ತುಂಬಲು, ಹಾಡಲು. ಊಟ, ಕುಪ್ಪಸದ ಬಟ್ಟೆ, ಸೆರಗಿನ ತುಂಬ ಜೋಳ, ತೆಂಗಿನಕಾಯಿ. ಲಗ್ನದ ದಿನಗಳಲ್ಲಿ ಗಳಿಸಿದ್ದು ವರ್ಷಕ್ಕೆ ಸಾಲುತ್ತಿತ್ತು. ಅದೇ ಅವಳ ನೌಕರಿ, ಹಣೆಯ ಕುಂಕುಮವೇ ಅವಳ ಬಿಲ್ಲೆ.

ನಮ್ಮ ಕಾರ್ಯಕ್ರಮಕ್ಕೆ ಹತ್ತು ವರ್ಷ ಮೊದಲೇ ಧೊಂಡಿಬಾ ಸತ್ತ. ಉದಗೀರ ಸಂತೆಗೆ ಕುರಿ ಹೊಡೆದುಕೊಂಡು ಹೋಗಿದ್ದ ಅವಳ ತಮ್ಮ ಮಡೆಪ್ಪ ಸುದ್ದಿ ತಂದ. ಅವಳು ಬಾಗಿಲು ಮುಚ್ಚಿ ಕೇಳಿಸಿಕೊಂಡಳು. "ಇದು ನಿನ್ನ ಹೊಟ್ಟ್ಯಾಗ ಇರಲಿ" ಎಂದು ತಮ್ಮನಿಗೆ ಹೇಳಿ, ಕುಂಕುಮ ತಿದ್ದಿಕೊಂಡು ಹೊರಗೆ ಬಂದಳು. ಭಾಲ್ಕಿಯಲ್ಲಿ ಧೊಂಡಿಬಾನ ಮುಖ ನೋಡಿದವರು ಯಾರೂ ಇರಲಿಲ್ಲ. ಔರಾದದವರಿಗೆ, ಉದಗೀರದವರಿಗೆ ಧೊಂಡಿಬಾ ಗೊತ್ತು, ಪುತಳಾಬಾಯಿ ಭಾಲ್ಕಿಯಲ್ಲಿರುವುದು ಗೊತ್ತಿಲ್ಲ. ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ ಎಂಬ ಪದ್ಧತಿ ನಡುವೆ ಗೋಡೆಯ ಹಾಗೆ ನಿಂತು ಅವಳನ್ನು ಕಾಯುತ್ತಿತ್ತು. ಆ ಪೂರ್ತಿ ಹೆಸರು ಔರಾದ ಕಡೆಯ ಯಾರ ಕಿವಿಗಾದರೂ ಬಿದ್ದರೆ ಅವಳ ಅನ್ನ ಹೋಗುತ್ತಿತ್ತು.

ಅಂಥವಳ ಮನೆಯ ಬಾಗಿಲಿಗೆ ನಾನು, ಗಂಡನ ಹೆಸರು ಹೇಳಿಸುವ ಆಟದ ನೌಕರ, ಬೆವರು ಒರೆಸಿಕೊಳ್ಳುತ್ತ ಹೋಗಿ ನಿಂತೆ.

ಬೀದರ ಮೈಸೂರಿಗೆ ಸೇರಿ ಐವತ್ತು ವರ್ಷವಾಗಿತ್ತು. ಎಲ್ಲ ಕಡೆ ಸುವರ್ಣೋತ್ಸವ. ದತ್ತಾತ್ರಿಯೂ ಒಂದು ಸುವರ್ಣ ಸಂಚಿಕೆ ಮಾಡುವುದೆಂದು ಹೊರಟ. ಸೇರಿದ ಆಸುಪಾಸಿನಲ್ಲಿ ಮದುವೆಯಾದ ಮುದುಕಿಯರಿಗೆ ಮಾತ್ರ. ಔರಾದದಿಂದ ಸಖುಬಾಯಿ ಎಂಬವಳು ಒಪ್ಪಿದ್ದಳು. ಭಾಲ್ಕಿಯಲ್ಲಿ ವಿಚಾರಿಸಿದರೆ ಎಲ್ಲರ ಬೆರಳೂ ಒಂದೇ ಮನೆಯ ಕಡೆ.

ಪುತಳಾಬಾಯಿ ತೊಗರಿಬೇಳೆ ಕೇರುತ್ತಿದ್ದಳು. ತೆಳ್ಳಗೆ, ಎತ್ತರ, ಹಣೆಯಲ್ಲಿ ಎಂಟಾಣೆಯಷ್ಟು ಅಗಲದ ಕುಂಕುಮ. ನಾನು ವಿಷಯ ಹೇಳಿದೆ.

"ನಾ ಒಲ್ಲೆ" ಎಂದಳು, ಮೊರದಿಂದ ಕಣ್ಣೆತ್ತದೆ.

"ಆಯಿ, ಕಲರ್ ಟಿವಿ ಕೊಡ್ತಾರ್ರಿ."

"ಟಿವಿ ನೋಡಿ ನಾ ಯಾವ ಪರೀಕ್ಷಾ ಪಾಸ್ ಆಗಬೇಕಾಗ್ಯಾದ?"

ಅಷ್ಟರಲ್ಲಿ ಮನೆಯೊಡತಿ ಕಸ್ತೂರಿಬಾಯಿ ಬಂದರು. ಬಲ್ಲವರು ಹೇಳುವಂತೆ ಅವರಿಬ್ಬರೂ ಒಂದೇ ತಾಟಿನಲ್ಲಿ ಉಂಡವರು. "ಯಾಕ ಒಲ್ಲೆ ಅಂತಿ? ಆ ಔರಾದಾಕಿ ನಮ್ಮ ಭಾಲ್ಕಿ ಮೂಗ ಕೊಯ್ದು ಹೋಗ್ಲಿ ಅಂತೀಯೇನು?"

"ನನಗ ವಯಸ್ಸಾತು ಬೇ."

"ನಾಲಿಗಿಗಿ ಆಗಿಲ್ಲ." ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಕೂಡಿದರು. ಯಾರೋ ಒಬ್ಬಳು, "ಊರ ಮಂದಿ ಗಂಡಂದಿರ ಹೆಸರ ಹೇಳಿಸ್ತಾಳ, ತನ್ನ ಗಂಡನ ಹೆಸರ ಮರತಾಳ" ಎಂದಳು. ಎಲ್ಲರೂ ನಕ್ಕರು. ಪುತಳಾಬಾಯಿಯೂ ನಕ್ಕಳು. ಇನ್ನೂ ಒಂದು ಸಲ ಒಲ್ಲೆ ಎಂದರೆ ಆ ನಗೆ ಬೇರೆ ದಾರಿ ಹಿಡಿಯುತ್ತದೆ ಎಂದು ಅವಳಿಗೆ ಹೊಳೆದಿರಬೇಕು. ನನ್ನನ್ನು ಹಿತ್ತಲಿನ ಕಡೆ ಕರೆದಳು.

"ಪೋರಾ, ಬರೀ ಹೆಸರ ಏನು? ಅಡ್ಡಹೆಸರ, ಊರು ಕೇಳ್ತಾರೇನು?"

"ಬರೀ ಹೆಸರ್ರಿ ಆಯಿ. ಒಂದು ಒಡಪು, ಅದರಾಗ ಒಂದು ಹೆಸರು. ಮುಗೀತು."

"ಖರೇ ಹೇಳು."

"ನಾನು ಅದರಾಗೇ ಕೆಲಸ ಮಾಡ್ತೇನಿ, ನನಗ ಗೊತ್ತಿಲ್ಲೇನ್ರಿ?"

ನನಗೆ ಗೊತ್ತಿದ್ದದ್ದು ದೀಪದ ಸ್ವಿಚ್ಚು ಯಾವ ಕಡೆ ಇದೆ ಎಂಬುದು. ಅವಳು ಅಡ್ಡಹೆಸರು ಮರೆತಿರಬೇಕು, ಪಾಪ, ಎಂದುಕೊಂಡು ಬಂದೆ.

ಭಾಲ್ಕಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಆಟ. ಅಲ್ಲಿಂದಲೇ ತಂತಿ ಎಳೆದು ನೇರ ಪ್ರಸಾರ. ಮಧ್ಯಾಹ್ನದ ಬಿಸಿಲು, ತಗಡಿನ ಮಾಡು, ನನ್ನ ದೀಪ. ಮುದುಕಿಯರು ಹಪ್ಪಳದಂತೆ ಒಣಗುತ್ತಿದ್ದರು. ಮುಂದಿನ ಸಾಲಿನಲ್ಲಿ ಕಸ್ತೂರಿಬಾಯಿ ಓಣಿಯ ಸೈನ್ಯದೊಂದಿಗೆ ಕೂತಿದ್ದರು. ಸಖುಬಾಯಿ ಗುಂಡಗೆ, ಮಾತಿಗೆ ಮೊದಲು ನಗುವವಳು.

ಮೊದಲ ಸುತ್ತಿನಲ್ಲಿ ಸಖುಬಾಯಿ ಎದ್ದು ಕೈ ತಿರುವಿ ಹೇಳಿದಳು:

"ಬಸ್ ಸ್ಟ್ಯಾಂಡಿಗಿ ಬಂದು ನಿಂತದ ಬೀದರ ಗಾಡಿ,
ತುಳಜಾರಾಮ ಅವರು ಕುಂತಾರ ಮೀಸಿ ತೀಡಿ."

ಔರಾದದಿಂದ ಬಂದ ನಾಲ್ಕು ಮಂದಿ ಸೀಟಿ ಹೊಡೆದರು. ಪುತಳಾಬಾಯಿ ಕೂತಲ್ಲಿಂದಲೇ, ಪಕ್ಕದ ಮನೆಯವಳಿಗೆ ಉಪ್ಪು ಕೇಳುವ ದನಿಯಲ್ಲಿ:

"ತೊಗರಿ ಹೊಲದಾಗ ಹಳದಿ ಹೂ, ಜ್ವಾಳದ ಹೊಲದಾಗ ಹಾಲಿನ ತೆನಿ,
ಧೊಂಡಿಬಾ ಅವರ ಹೆಸರ ಹೇಳೀನಿ, ಬಾಗಲಾ ಬಿಡ್ರಿ, ಇದು ನನ್ನ ಮನಿ."

ಕಾರ್ಯಾಲಯ ಅಲ್ಲಾಡಿತು. ಧೊಂಡಿಬಾ ಎಂಬ ಹೆಸರಿನವರು ಆ ಸೀಮೆಯಲ್ಲಿ ಹಿಡಿ ಹಿಡಿ ಇದ್ದಾರೆ. ಯಾರೂ ಕಿವಿ ನಿಮಿರಿಸಲಿಲ್ಲ. ಎರಡನೆಯ ಸುತ್ತಿನಲ್ಲಿ ದತ್ತಾತ್ರಿ ಒಂದು ಸಾಮಾನು ತೋರಿಸುತ್ತಾನೆ, ಅದು ಒಡಪಿನಲ್ಲಿ ಬರಬೇಕು. ಸಖುಬಾಯಿಗೆ ಛತ್ರಿ ಬಂತು, ಸುಲಭ. ಪುತಳಾಬಾಯಿಯ ಮುಂದೆ ಅವನು ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು ಇಟ್ಟ. ಅವಳು ಅದನ್ನು ಒಮ್ಮೆ ಒತ್ತಿ ನೋಡಿದಳು.

"ಗಾಳಿ ತುಂಬಿದರ ಏರ್ತದ ಚಕ್ರ, ಗಾಳಿ ಬಿಟ್ಟರ ಇಳೀತದ ಸೊಕ್ಕ,
ಧೊಂಡಿಬಾ ಅವರು ಎಲ್ಲೇ ಇರಲಿ, ಪಂಪ ಹೊಡಿಯೋದು ನನ್ನ ಹಕ್ಕ."

ಸಲಾವೋದ್ದೀನ ಸೇಠರೇ ಕುರ್ಚಿಯಿಂದ ಎದ್ದು "ವಾಹ್" ಎಂದರು. ನಾನು ನಕ್ಕು ದೀಪ ಅಲ್ಲಾಡಿಸಿ ಬೈಸಿಕೊಂಡೆ. ಪುತಳಾಬಾಯಿಯ ಮುಖ ಆಗ ಹೊಳೆಯುತ್ತಿತ್ತು. ಅವಳು ಆಟದೊಳಗೆ ಇಳಿದಿದ್ದಳು. ಅರ್ಧ ಗಂಟೆಯ ಹಿಂದೆ ಎದ್ದು ಹೋಗಲು ನೆಪ ಹುಡುಕುತ್ತಿದ್ದವಳು ಈಗ ಸಖುಬಾಯಿಯ ಕಡೆ ಹುಬ್ಬು ಹಾರಿಸುತ್ತಿದ್ದಳು.

ದತ್ತಾತ್ರಿ ಮೈಕ್ ಎತ್ತಿಕೊಂಡ.

"ಈಗ ಸುವರ್ಣ ಸುತ್ತು! ಬೀದರ ಮೈಸೂರಿಗೆ ಕೂಡಿದ ವರ್ಷ ನಿಮ್ಮ ಯಜಮಾನರು ಎಲ್ಲಿದ್ರು, ಏನ್ ಮಾಡ್ತಿದ್ರು? ಪೂರಾ ಹೆಸರು, ಅಡ್ಡಹೆಸರು ಸಹಿತ, ಒಡಪಿನ್ಯಾಗ!"

ಇಂಥ ಸುತ್ತು ಇದೆಯೆಂದು ನನಗೂ ಅವತ್ತೇ ತಿಳಿದದ್ದು. ಪುತಳಾಬಾಯಿ ದೀಪದ ಕಡೆ, ಅಂದರೆ ನನ್ನ ಕಡೆ, ನೋಡಿದಳು. ಬೆಳಕಿನ ಹಿಂದೆ ನಿಂತವನು ಯಾರಿಗೂ ಕಾಣುವುದಿಲ್ಲ. ಈ ಕೆಲಸದಲ್ಲಿ ಅದೊಂದು ಅನುಕೂಲ.

"ನೌಕರಿ ಮಾಡ್ತಿದ್ರು" ಎಂದಳು.

"ಎಲ್ಲಿ ನೌಕರಿ ಆಯಿ? ಎಂಥಾ ನೌಕರಿ?"

"ಸರಕಾರದ್ದು. ಎಲ್ಲಿದ್ರೇನು, ಸರಕಾರ ಒಂದೇ."

"ಹಾಂಗ ತಪ್ಪಿಸ್ಕೊಂಡ್ರ ಕೊಡ ಒಡೀತದ ನೋಡ್ರಿ!"

ಅಷ್ಟರಲ್ಲಿ ಮುಂದಿನ ಸಾಲಿನಿಂದ ಕಸ್ತೂರಿಬಾಯಿ ಎದ್ದು ನಿಂತರು. ಗೆಳತಿ ಸೋಲುತ್ತಾಳೆ ಎಂಬ ತಳಮಳ. ಎರಡೂ ಕೈ ಬಾಯಿಗಿಟ್ಟು ಕೂಗಿದರು: "ಔರಾದ ಕಚೇರಿ ಅನ್ನಬೇ! ಗಂಟಿ ಹೊಡೀತಿದ್ರು ಅಂತ ನೀನೇ ಹೇಳಿಲ್ಲೇನು? ಈಗ ಉದಗೀರದಾಗ ಇರ್ತಾರ ಅನ್ನು! ಮೇತ್ರೆ! ಮೇತ್ರೆ ಅನ್ನು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನು ಮುಚ್ಚಲು ಏನೂ ಉಳಿದಿರಲಿಲ್ಲ. ಪುತಳಾಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಿಧಾನವಾಗಿ ಎದ್ದಳು. ಹೋಗುವುದು ಹೇಗೂ ಹೋಗುತ್ತದೆ, ಒಡಪಾದರೂ ಕೆಡಬಾರದು ಎಂಬಂತೆ ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಕಚೇರಿ ಗಂಟಿ ಬಡದರ ಕೇಳ್ತಿತ್ತು ಔರಾದ ಊರಿಗೆಲ್ಲ,
ಬಡದ ಕೈ ಧೊಂಡಿಬಾ ಮೇತ್ರೆ ಅವರದು, ಸುಳ್ಳಲ್ಲ."

ಚಪ್ಪಾಳೆಯ ನಡುವೆ ಸಖುಬಾಯಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಮುಖದ ತುಂಬ ಪರಿಚಯದ ನಗು.

"ಅಯ್ಯ, ಗಂಟಿ ಧೊಂಡಿಬಾ ಏನ ಯಕ್ಕ? ನನ್ನ ಮಗಳಿಗಿ ಉದಗೀರದಾಗೇ ಕೊಟ್ಟದ, ಅವರ ಮನಿ ಮಗ್ಗಲಾಗೇ! ಅವರು ಹೋಗಿ ಹತ್ತ ವರ್ಷ ಆತಲ್ಲ. ದಿವಸದ ಊಟಕ್ಕ ನಾನೇ ಹೋಗಿದ್ದೆ..."

ಅಲ್ಲಿಗೆ ಅವಳ ಕಣ್ಣು ಪುತಳಾಬಾಯಿಯ ಹಣೆಯ ಮೇಲೆ ಬಿತ್ತು. ಬಾಯಿಗೆ ಸೆರಗು ಅಡ್ಡ ಹಿಡಿದಳು. ಮೈಕು ಅವಳ ಕೊರಳ ಹತ್ತಿರವೇ ಇತ್ತು. ಭಾಲ್ಕಿಯಲ್ಲಿ ಟಿವಿ ಇದ್ದ ಮನೆಗಳಿಗೆಲ್ಲ ಮಾತು ತಲುಪಿ ಆಗಿತ್ತು.

ದತ್ತಾತ್ರಿಯ ಮುಖದಲ್ಲಿ ಹಬ್ಬ ಬಂದಿತು. ಪುತಳಾಬಾಯಿಯ ಪಕ್ಕದಲ್ಲಿ ಮಂಡಿಯೂರಿ ಕೂತು, ಮೆತ್ತಗೆ ಕೇಳಿದ, "ಆಯಿ, ಇದು ಖರೇ ಏನ್ರಿ?"

"ಹೆಸರ ಹೇಳ ಅಂದಿ, ಹೇಳೀನಿ. ಗಂಟಿ ಬಾರ್ಸು."

"ಆದರ ಆಟ ಮುತ್ತೈದೆಯರಿಗಿ ಅದರೀ..." ಅವನು ಎದ್ದು ಕ್ಯಾಮೆರಾದ ಕಡೆ ತಿರುಗಿದ. "ವೀಕ್ಷಕರೇ, ಆಯಿಗಿ ಗೊತ್ತಿತ್ತೋ, ಗೊತ್ತಿರಲಿಲ್ಲೋ? ಒಂದು ಸಣ್ಣ ವಿರಾಮದ ಮ್ಯಾಲ ನೋಡೋಣು!"

ವಿರಾಮದಲ್ಲಿ ಸೀರೆ ಅಂಗಡಿಯ ಜಾಹೀರಾತು ಓಡಿತು, ಆಮೇಲೆ ಬಳೆ ಅಂಗಡಿಯದು. ಸೇಠರು ವೇದಿಕೆಯ ಹತ್ತಿರ ಬಂದು, "ಛೋಡೋ ರೇ, ಆಕಿನ್ನ ಮನಿಗಿ ಕಳಸು" ಎಂದರು. ದತ್ತಾತ್ರಿ ಅವರಿಗೆ ಫೋನು ತೋರಿಸಿದ. ಐದು ವಾರದಲ್ಲಿ ಮೊದಲ ಬಾರಿಗೆ ಅದು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಸೇಠರು ಅದನ್ನು ನೋಡಿದರು, ಮುದುಕಿಯನ್ನು ನೋಡಿದರು, ತಮ್ಮ ಕುರ್ಚಿಗೆ ಹೋಗಿ ಕೂತರು. ಪುತಳಾಬಾಯಿ ನೀರು ಕೇಳಿದಳು. ವೇದಿಕೆಯ ಕೆಳಗೆ ತಂಬಿಗೆ ಇತ್ತು. ಅದರ ಪಕ್ಕದಲ್ಲಿ ಕೂತಿದ್ದ ಓಣಿಯ ಹೆಂಗಸರಲ್ಲಿ ಒಬ್ಬಳೂ ಎತ್ತಿಕೊಡಲಿಲ್ಲ.

ವಿರಾಮ ಮುಗಿಯುವ ಹೊತ್ತಿಗೆ ಕಸ್ತೂರಿಬಾಯಿ ವೇದಿಕೆ ಹತ್ತಿದ್ದರು. ಅವರ ಮಗಳು ಮೂರು ವರ್ಷದ ಹಿಂದೆ ಮದುವೆಯಾಗಿ, ಅದೇ ವರ್ಷ ಗಂಡನ ಮನೆ ಬಿಟ್ಟು ಬಂದವಳು. ಮೂಲೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತ ಕೂತಿರುತ್ತಿದ್ದಳು. ಅವಳನ್ನು ಗಂಡನ ಮನೆಯವರು ಬಡಿದು ಅಟ್ಟಿದ್ದು ಇಡೀ ಓಣಿಗೆ ಗೊತ್ತಿತ್ತು.

"ನನ್ನ ಮಗಳಿಗಿ ಮೊದಲನೇ ಅರಿಶಿಣ ಹಚ್ಚಿದ ಕೈ ಇದೇ ಅಲ್ಲೇನ?" ಕಸ್ತೂರಿಬಾಯಿ ಪುತಳಾಬಾಯಿಯ ಮಣಿಕಟ್ಟು ಹಿಡಿದು ಎತ್ತಿ ಎಲ್ಲರಿಗೂ ತೋರಿಸಿದರು. "ನನ್ನ ಮನ್ಯಾಗ ಉಂಡು, ನನ್ನ ಮನಿಗೇ ಮಣ್ಣ ಹಾಕಿದೆಲ್ಲ ಬೇ! ಗಂಡ ಸತ್ತಾಕಿ!"

"ಕಸ್ತೂರಿ, ನಿನ್ನ ಅಳಿಯ ಕುಡೀತಾನ. ಅರಿಶಿಣ ಕುಡೀಲಿಲ್ಲ ಅಂವ."

ಕೆಲವರು ನಕ್ಕೇಬಿಟ್ಟರು. ಆ ನಗೆಯನ್ನು ಕಸ್ತೂರಿಬಾಯಿಗೆ ಸಹಿಸಲಾಗಲಿಲ್ಲ. ತಮ್ಮ ಸೆರಗನ್ನೇ ಮುದ್ದೆ ಮಾಡಿ ಪುತಳಾಬಾಯಿಯ ಹಣೆಯನ್ನು ಉಜ್ಜಿದರು. ಒಮ್ಮೆಗೆ ಹೋಗಲಿಲ್ಲ, ವರ್ಷಾನುವರ್ಷ ಇಟ್ಟ ಜಾಗ, ಚರ್ಮವೇ ಕೆಂಪಾಗಿತ್ತು. ಮತ್ತೆ ಮತ್ತೆ ಉಜ್ಜಿದರು. ಪುತಳಾಬಾಯಿ ಕೈ ಎತ್ತಿ ತಡೆಯಲಿಲ್ಲ, ಕಣ್ಣನ್ನು ಮಾತ್ರ ಬಿಗಿಯಾಗಿ ಮುಚ್ಚಿಕೊಂಡಿದ್ದಳು, ತಲೆಗೆ ಸೀಗೆಪುಡಿ ಹಾಕಿಸಿಕೊಳ್ಳುವ ಕೂಸಿನ ಹಾಗೆ. ದತ್ತಾತ್ರಿ ಕಾಣದಂತೆ ನನಗೆ ಬೆರಳು ತೋರಿಸಿದ: ಇನ್ನೂ ಹತ್ತಿರ. ದೀಪ ಅಲ್ಲಾಡಬಾರದು ಎಂಬುದು ನನ್ನ ನೌಕರಿ. ಅಲ್ಲಾಡಲಿಲ್ಲ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಹಿಡಿದಿರಲಿಲ್ಲ ಎಂದು ಆಮೇಲೆ ಎಲ್ಲರೂ ಹೊಗಳಿದರು.

ಕಲರ್ ಟಿವಿ ಸಖುಬಾಯಿಗೆ ಹೋಯಿತು. ಒಲ್ಲೆ ಒಲ್ಲೆ ಎಂದು ಅಳುತ್ತಲೇ ಅದನ್ನು ಔರಾದ ಬಸ್ಸಿನ ಮೇಲೆ ಹೇರಿಸಿ, ಹಗ್ಗ ಸಡಿಲಾಗಿದೆ ಎಂದು ಕ್ಲೀನರನ ಜೊತೆ ಜಗಳ ತೆಗೆದಳು.

ಆ ಸಂಚಿಕೆಯನ್ನು ಜನ ಕೇಳಿ ಕೇಳಿ ಹಾಕಿಸಿಕೊಂಡರು. ಆದರೆ ಮುಂದಿನ ವಾರ ಹೆಸರು ಹೇಳಲು ಒಬ್ಬ ಹೆಂಗಸೂ ಬರಲಿಲ್ಲ. ಯಾರ ಗಂಡ ಎಲ್ಲಿ ಏನು ಮಾಡಿಟ್ಟಿದ್ದಾನೋ, ಯಾರು ಎದ್ದು ಏನು ಹೇಳುತ್ತಾರೋ! ಸೀರೆ ಅಂಗಡಿಯವರು, ಕುಂಕುಮ ಒರೆಸುವ ಕಾರ್ಯಕ್ರಮದಲ್ಲಿ ನಮ್ಮ ಮದುವೆ ಸೀರೆ ತೋರಿಸಬೇಡಿ ಎಂದು ಜಾಹೀರಾತು ಹಿಂತೆಗೆದರು. 'ಹೆಸರ ಹೇಳ್ರಿ ಬಾಯಿ' ನಿಂತುಹೋಯಿತು. ದತ್ತಾತ್ರಿ ಮಕ್ಕಳನ್ನು ಕೂರಿಸಿ ಮಗ್ಗಿ ಹೇಳಿಸುವ ಆಟ ಶುರುಮಾಡಿದ. ಅಲ್ಲಿಯೂ ನನ್ನ ದೀಪ ತಪ್ಪಿದವರ ಮೇಲೆಯೇ.

ಕಸ್ತೂರಿಬಾಯಿ ಕೋಣೆ ಬಿಡಿಸಿದರು. ಪುತಳಾಬಾಯಿ ಸಾಯಗಾಂವದ ತಮ್ಮನ ಮನೆ ಸೇರಿದಳು. ಆಡಿದವರಿಗೆಲ್ಲ ಒಂದು ಸಮಾಧಾನಕರ ಬಹುಮಾನ ಇತ್ತು, ಅದು ಕಪಾಟಿನಲ್ಲಿ ಉಳಿದುಬಿಟ್ಟಿತ್ತು. ಸೇಠರು, ಲೆಕ್ಕ ಚೊಕ್ಕ ಇರಬೇಕು, ಕೊಟ್ಟು ಬಾ ಎಂದು ನನ್ನನ್ನು ಕಳಿಸಿದರು. ಬಸ್ಸಿನಲ್ಲಿ ಪೊಟ್ಟಣ ಬಿಚ್ಚಿ ನೋಡಿದೆ. ಅರಿಶಿಣ ಕುಂಕುಮ ಇಡುವ ಜೋಡಿ ಬಟ್ಟಲು. ಮೇಲೆ ಚಾನೆಲ್ಲಿನ ಹೆಸರು ಕೊರೆದಿತ್ತು. ವಾಪಸು ಹೋಗೋಣವೆಂದರೆ ಬಸ್ಸು ಅರ್ಧ ದಾರಿ ಬಂದಾಗಿತ್ತು.

ಅವಳು ಕುರಿಯ ಹಟ್ಟಿಯ ಮುಂದೆ ಕೂತು ಒಂದು ಮರಿಯ ಗೊರಸಿನಲ್ಲಿ ಸಿಕ್ಕ ಮುಳ್ಳು ಕೀಳುತ್ತಿದ್ದಳು. ಬರಿಹಣೆ. ಆ ಜಾಗದ ಚರ್ಮ ಸುತ್ತಲಿನದಕ್ಕಿಂತ ಬಿಳಿಯಾಗಿ, ಗುಂಡಗೆ ಉಳಿದಿತ್ತು. ನನ್ನನ್ನು ಗುರುತಿಸಿದಳು.

"ಬಾ, ದೀಪದ ಪೋರಾ. ಇವತ್ತ ಏನ ಸುಡಾಕ ಬಂದೀದಿ?"

ನಾನು ಪೊಟ್ಟಣ ಕೊಟ್ಟೆ. ಬಟ್ಟಲುಗಳನ್ನು ಹೊರಗೆ ತೆಗೆದು, ತಿರುಗಿಸಿ, ಉಗುರಿನಿಂದ ಬಾರಿಸಿ ನೋಡಿದಳು. ನಾನು ನೆಲ ನೋಡುತ್ತಿದ್ದೆ.

"ಗಟ್ಟಿ ಅವ" ಎಂದಳು. "ಒಂದರಾಗ ಉಪ್ಪ, ಒಂದರಾಗ ಖಾರ ಹಾಕ್ಲಿಕ್ಕಿ ಬರ್ತದ."

ತಮ್ಮನ ಸೊಸೆ ಚಹಾ ತಂದಳು. ನನಗೆ ಲೋಟದಲ್ಲಿ, ಪುತಳಾಬಾಯಿಗೆ ಕಿವಿ ಮುರಿದ ಕಪ್ಪಿನಲ್ಲಿ. ಆ ಮನೆಯಲ್ಲಿ ಮುಂದಿನ ವಾರ ಲಗ್ನವಿತ್ತು. ಒಳಗೆ ಹೆಂಗಸರು ಶಾವಿಗೆ ಹೊಸೆಯುತ್ತ ಹಾಡುತ್ತಿದ್ದರು, ನಡುನಡುವೆ ಸಾಲು ಮರೆತು ತೊದಲುತ್ತಿದ್ದರು. ಮುಂದಿನ ಸಾಲು ಇವಳ ಬಾಯಿಗೆ ಬಂದು ನಿಂತದ್ದು ಗಂಟಲಿನ ಮೇಲೆ ಕಾಣುತ್ತಿತ್ತು. ಹೇಳಿಕೊಡಲಿಲ್ಲ. ಅವಳನ್ನು ಯಾರೂ ಒಳಗೆ ಕರೆದಿರಲಿಲ್ಲ. ಲಗ್ನದ ದಿನ ಕುರಿ ಹೊಡೆದುಕೊಂಡು ದೂರ ಹೋಗುವುದೆಂದು ಅವಳಿಗೆ ಹೇಳಿ ಆಗಿತ್ತಂತೆ. ಅದನ್ನೆಲ್ಲ ಅವಳು ಮುಳ್ಳು ಕೀಳುತ್ತ, ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ ಹೇಳಿದಳು. ಮೇಲೆ ಬರೆದ ಔರಾದದ ಗಂಟೆ, ಉದಗೀರದ ಚಹಾ, ಬಸ್ಸಿನ ಕಿಟಕಿ, ಎಲ್ಲ ಅವತ್ತು ಕೇಳಿದ್ದು.

ನಾನು ಬಾಯಿ ಮುಚ್ಚಿಕೊಂಡು ಬಸ್ಸಿಗೆ ಹೋಗಬೇಕಿತ್ತು. ಚಾನೆಲ್ಲಿನ ಗಾಳಿ ಅಂಟಿತ್ತೋ ಏನೋ, ದತ್ತಾತ್ರಿಯ ಹಾಗೆ ಅವಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೇಳಿಯೇ ಬಿಟ್ಟೆ.

"ಆಯಿ, ಸಿಟ್ಟಾಗಬ್ಯಾಡ್ರಿ. ಅವರು ಇಲ್ಲ ಅಂತ ನಿಮಗ ಗೊತ್ತಿತ್ತು. ಗೊತ್ತಿದ್ದೂ ಕಸ್ತೂರಿಬಾಯಿ ಮಗಳಿಗಿ ಅರಿಶಿಣ ಹಚ್ಚುವಾಗ ಮನಸಿಗಿ ಏನೂ ಅನಸ್ಲಿಲ್ಲೇನ್ರಿ?"

ಮರಿಯ ಕಾಲನ್ನು ಬಿಟ್ಟಳು. ಅದು ಕುಂಟುತ್ತ ತಾಯಿಯ ಕಡೆ ಓಡಿತು.

"ಹಸಿವ್ಯಾಗಿತ್ತು" ಎಂದಳು. "ಅರಿಶಿಣ ಹಚ್ಚಿದ ಮ್ಯಾಲೇ ಊಟಕ್ಕ ಕೂಡಸ್ತಿದ್ರು."